ಬಜಿ, ಬಾಲಗೋಲಿ, ಗ್ರೈಪ್ ವಾಟರ್: ಕೂಸಿನ ಅಳುವಿನ ಒಂದು ಚರಿತ್ರೆ

ಉರ್ದುವಿನಲ್ಲಿ ಒಂದು ನುಡಿಗಟ್ಟಿದೆ. ಒಬ್ಬನಿಗೆ ಒಂದು ಗುಣ ಹುಟ್ಟಿನಿಂದಲೇ ಬಂದಿದ್ದರೆ 'ಅದು ಅವನ ಘುಟ್ಟಿಯಲ್ಲೇ ಬಿದ್ದಿದೆ' ಎನ್ನುತ್ತಾರೆ. ಕನ್ನಡದವರು ರಕ್ತದಲ್ಲಿದೆ ಎನ್ನುವ ಕಡೆ ಉರ್ದುವಿನವರಿಗೆ ನೆನಪಾಗುವುದು ರಕ್ತವಲ್ಲ, ಎಳೆಗೂಸಿನ ಬಾಯಿಗೆ ಮುದುಕಿಯರು ತೇದು ಹಾಕುತ್ತಿದ್ದ ಆ ಕಹಿ ಔಷಧ. ಒಂದು ಭಾಷೆಯ ನುಡಿಗಟ್ಟಿನೊಳಗೆ ಸೇರಿಕೊಳ್ಳಬೇಕಾದರೆ ಆ ವಸ್ತು ಎಷ್ಟು ತಲೆಮಾರುಗಳ ತೊಟ್ಟಿಲ ಪಕ್ಕದಲ್ಲಿ ಇದ್ದಿರಬೇಕು! ಆದರೆ ರಾಜರ, ಯುದ್ಧಗಳ, ಕೋಟೆಗಳ ಚರಿತ್ರೆ ಓದಿ ಬೆಳೆದ ನಮಗೆ ತೊಟ್ಟಿಲಿಗೂ ಒಂದು ಚರಿತ್ರೆ ಇದೆ ಎಂಬುದು ಸುಲಭಕ್ಕೆ ಹೊಳೆಯುವುದಿಲ್ಲ. ಮೊಲೆಹಾಲು ಕುಡಿಯುವ ಕೂಸು ಸಂಜೆಯಾಗುತ್ತಲೇ ಕಾಲು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಚೀರುತ್ತದೆ. ಹೊಟ್ಟೆ ಉಬ್ಬರಿಸಿರುತ್ತದೆ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಈ ಸಣ್ಣ ಸಂಕಟದ ಸುತ್ತ ಹಕೀಮರು, ವೈದ್ಯರು, ಸೂಫಿಗಳು, ಅಫೀಮಿನ ಗುತ್ತೇದಾರರು, ಇಂಗ್ಲೆಂಡಿನ ಔಷಧ ವ್ಯಾಪಾರಿಗಳು ಎಲ್ಲರೂ ಬಂದು ಹೋಗಿದ್ದಾರೆ.

ವಿಜಯಪುರದಿಂದ ತಿಕೋಟಾ ದಾಟಿ ಮುಂದೆ ಹೋದರೆ ಮಹಾರಾಷ್ಟ್ರದ ಜತ್ತ ಸೀಮೆಗೆ ಹತ್ತಿರದಲ್ಲಿ ಕನಮಡಿ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಇದು ಮುಂಬಯಿ ಪ್ರಾಂತ್ಯದ ಅಂಚು. ಆಚೆಗೆ ಜತ್ತ ಸಂಸ್ಥಾನ. ಇಂಥ ಗಡಿಯ ಊರುಗಳಲ್ಲಿ ಕನ್ನಡ, ಮರಾಠಿ, ನಮ್ಮ ದಖ್ಖನಿ ಮೂರೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಸಾಣೆಕಲ್ಲಿನ ಮೇಲೆ ತೇಯುವ ಬೇರು ಒಂದೇ, ಹೆಸರು ಮಾತ್ರ ಮೂರು. ಕನ್ನಡದ ಆಯಿಗೆ ಅದು ಬಜಿ, ಮುಸ್ಲಿಮರ ದಾದಿಮಾಗೆ ಬಚ್, ಮರಾಠಿ ಆಜಿಗೆ ವೇಖಂಡ. ಅದರ ಜೊತೆಗೆ ಅಳಲೆಕಾಯಿ, ಜಾಯಿಕಾಯಿ, ಒಣಶುಂಠಿ, ಮಾಚಿಕಾಯಿ. ಇವನ್ನೆಲ್ಲ ಒಂದು ಬಟ್ಟೆಗಂಟಿನಲ್ಲಿ ಕಟ್ಟಿಟ್ಟು, ಒಂದೊಂದನ್ನೇ ತೆಗೆದು ಕಲ್ಲಿನ ಮೇಲೆ ಹಾಲಿನಲ್ಲೋ ನೀರಿನಲ್ಲೋ ತೇಯುತ್ತಿದ್ದರು. ಅಳತೆ ತೂಕದಲ್ಲಲ್ಲ, ಸುತ್ತಿನಲ್ಲಿ. 'ಬಜಿ ಒಂದ ಸುತ್ತ, ಜಾಯಿಕಾಯಿ ಅರ್ಧಾ ಸುತ್ತ, ಅದಕ್ಕಿಂತ ಹೆಚ್ಚ ಬ್ಯಾಡ' ಎನ್ನುವುದು ಆಗಿನ ಔಷಧ ಚೀಟಿ. ಹಳೆ ಮೈಸೂರು ಕಡೆ ಇದಕ್ಕೆ 'ಸುತ್ತುಖಾರ' ಎಂಬ ಹೆಸರೇ ಇದೆ.

ಆ ಗಂಟಿನಲ್ಲಿ ಇನ್ನೊಂದು ವಸ್ತು ಇರುತ್ತಿತ್ತು: ಮುರುಡಸಿಂಗಿ. ಹಗ್ಗ ಹೊಸೆದಂತೆ ತಿರುಚಿಕೊಂಡ ಒಣಕಾಯಿ. ಹೊಟ್ಟೆ ತಿರುಚುವ ನೋವಿಗೆ ತಿರುಚಿದ ಕಾಯಿಯೇ ಮದ್ದು ಎಂಬ ತರ್ಕ ಇದರ ಹಿಂದಿದೆ. ಉರ್ದುವಿನಲ್ಲಿ ಹೊಟ್ಟೆಯ ಮುರಿತಕ್ಕೆ 'ಮರೋಡ', ಈ ಕಾಯಿಗೆ 'ಮರೋಡಫಲಿ'. ಇಂಗ್ಲಿಷಿನ 'ಗ್ರೈಪ್' ಎಂಬ ಪದಕ್ಕೂ ಹಿಡಿದು ಹಿಂಡುವುದು ಎಂಬ ಅರ್ಥವೇ ಇದೆ. ಭಾಷೆ ಯಾವುದಾದರೇನು, ತಾಯಂದಿರು ಕಂಡದ್ದು ಒಂದೇ ನೋಟ.

ಈ ನೋಟವನ್ನು ಅತ್ಯಂತ ಸೂಕ್ಷ್ಮವಾಗಿ ಬರೆದಿಟ್ಟವರು ಕಾಶ್ಯಪ ಸಂಹಿತೆಯ ಕರ್ತೃಗಳು. ಮಕ್ಕಳ ವೈದ್ಯಕ್ಕೇ ಮೀಸಲಾದ ಈ ಪ್ರಾಚೀನ ಗ್ರಂಥದ ಹಸ್ತಪ್ರತಿ ನೇಪಾಳದಲ್ಲಿ ಸಿಕ್ಕಿ, 1938ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಮಾತು ಬಾರದ ಕೂಸಿಗೆ ಎಲ್ಲಿ ನೋವು ಎಂದು ತಿಳಿಯುವುದು ಹೇಗೆ ಎಂಬುದಕ್ಕೇ ಅದರಲ್ಲಿ ಒಂದು ಅಧ್ಯಾಯವಿದೆ. ಹೊಟ್ಟೆಶೂಲೆ ಇದ್ದರೆ ಕೂಸು ಮೊಲೆ ಬಿಡುತ್ತದೆ, ಅಳುತ್ತದೆ, ಅಂಗಾತವಾಗಿ ಹೊರಳಾಡುತ್ತದೆ, ಹೊಟ್ಟೆ ಬಿಗಿಯಾಗುತ್ತದೆ, ಮುಖ ಬೆವರುತ್ತದೆ ಎಂದು ಅಲ್ಲಿ ಹೇಳಿದೆ. ಇದನ್ನು ಬರೆದ ಕೈ ಪುರುಷನದ್ದಿರಬಹುದು, ಆದರೆ ನೋಡಿದ ಕಣ್ಣು ತೊಟ್ಟಿಲ ಪಕ್ಕ ರಾತ್ರಿ ಕಳೆದವರದ್ದೇ ಎಂದು ನಮಗೆ ಅನ್ನಿಸುತ್ತದೆ.

ಅತ್ತ ಇಬ್ನ್ ಸೀನಾ ಹನ್ನೊಂದನೆಯ ಶತಮಾನದಲ್ಲಿ ತನ್ನ 'ಅಲ್ ಕಾನೂನ್' ಗ್ರಂಥದ ಮೊದಲ ಭಾಗದಲ್ಲೇ ಎಳೆಗೂಸಿನ ಪಾಲನೆಯನ್ನು ಎತ್ತಿಕೊಳ್ಳುತ್ತಾನೆ. ಹೊಟ್ಟೆನೋವಿನಿಂದ ಕೂಸು ನುಲಿದರೆ ಬಿಸಿನೀರಿನ ಶಾಖ, ಬೆಚ್ಚಗಿನ ಎಣ್ಣೆ. ಕೂಸಿನ ಮೈಮನಸ್ಸು ಹದವಾಗಲು ಎರಡು ಸಂಗತಿ ಬೇಕು ಎನ್ನುತ್ತಾನೆ: ಮೆಲ್ಲಗೆ ತೂಗುವುದು, ಮತ್ತು ಹಾಡು. ಸಾವಿರ ವರ್ಷದ ಹಿಂದಿನ ವೈದ್ಯನೊಬ್ಬ ಜೋಗುಳವನ್ನು ಔಷಧಗಳ ಸಾಲಿನಲ್ಲಿ ಕೂರಿಸಿದ್ದು ಸಣ್ಣ ಮಾತಲ್ಲ. ಆದರೆ ಅದೇ ಇಬ್ನ್ ಸೀನಾ ನಿದ್ದೆ ಬಾರದ ಕೂಸಿಗೆ ಗಸಗಸೆಯ ಕಾಯಿ, ಬೀಜಗಳನ್ನೂ ಹೇಳಿದ್ದಾನೆ. ಗಸಗಸೆಯ ಗಿಡವೇ ಅಫೀಮಿನ ಗಿಡ. ಹಾಡು ಒಂದು ಕೈಯಲ್ಲಿ, ಅಮಲು ಇನ್ನೊಂದು ಕೈಯಲ್ಲಿ. ಮುಂದಿನ ಚರಿತ್ರೆಯೆಲ್ಲ ಈ ಎರಡರ ನಡುವಿನ ತೂಗಾಟವೇ.

ಬಿಜಾಪುರಕ್ಕೆ ಬರೋಣ. ಇಲ್ಲಿ ಈ ಎರಡು ವೈದ್ಯಗಳು ಒಂದನ್ನೊಂದು ಭೇಟಿಯಾದವು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ 1589ರಲ್ಲಿ ಬಂದ ಮುಹಮ್ಮದ್ ಖಾಸಿಂ ಫರಿಷ್ತಾನನ್ನು ಎಲ್ಲರೂ ಇತಿಹಾಸಕಾರ ಎಂದೇ ಬಲ್ಲರು. ಆತ ಹಕೀಮನೂ ಆಗಿದ್ದ. ಭಾರತದ ವೈದ್ಯವನ್ನು ಪಾರಸಿ ಬಲ್ಲವರಿಗೆ ತಿಳಿಸಲು 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥ ಬರೆದ. ದೂರದೇಶದ ಮೂಲಿಕೆ ಇಲ್ಲಿ ಸಿಗದಿದ್ದಾಗ ಇಲ್ಲಿನ ಅಳಲೆ, ಬಜೆಗಳನ್ನೇ ನಂಬಬೇಕಲ್ಲವೇ? ಮನೆಗಳಲ್ಲಂತೂ ಆ ಕೊಡುಕೊಳ್ಳುವಿಕೆಗೆ ಯಾವ ಗ್ರಂಥವೂ ಬೇಕಿರಲಿಲ್ಲ. ನೆರೆಮನೆಯ ಸಾಣೆಕಲ್ಲೇ ಸಾಕಿತ್ತು.

ಇಬ್ನ್ ಸೀನಾ ಹೇಳಿದ ಹಾಡು ಕೂಡ ಬಿಜಾಪುರದಲ್ಲಿ ಒಂದು ವಿಶೇಷ ರೂಪ ಪಡೆಯಿತು. ಊರ ಹೊರಗಿನ ಶಾಹಪುರ ದಿಬ್ಬದ ಚಿಷ್ತಿ ಸೂಫಿಗಳು, ಅಂದರೆ ಶಾಹ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ, ಪಾರಸಿಯನ್ನು ಪಕ್ಕಕ್ಕಿಟ್ಟು ದಖ್ಖನಿಯಲ್ಲಿ ಬರೆದರು. ಆ ಪರಂಪರೆಯಿಂದ ಹೆಂಗಸರ ಕೆಲಸದ ಹಾಡುಗಳು ಹುಟ್ಟಿದವು. ಬೀಸುವಾಗ ಚಕ್ಕಿನಾಮಾ, ನೂಲುವಾಗ ಚರಖಾನಾಮಾ, ತೊಟ್ಟಿಲು ತೂಗುವಾಗ ಲೋರಿನಾಮಾ. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ, ದಖ್ಖನಿನ ಹಳ್ಳಿಗಳ ಮನೆಯೊಳಕ್ಕೆ ಇಸ್ಲಾಮಿನ ಮಾತು ಹೊಕ್ಕಿದ್ದು ಖಡ್ಗದಿಂದಲ್ಲ, ದೊಡ್ಡ ಪಂಡಿತರಿಂದಲೂ ಅಲ್ಲ, ಹೀಗೆ ಬೀಸುವ, ತೂಗುವ ಹೆಂಗಸರ ಬಾಯಿಂದ ಎಂದು ತೋರಿಸಿಕೊಟ್ಟಿದ್ದಾರೆ. ನಮ್ಮ ಗಮನ ಇಲ್ಲಿ ಇನ್ನೂ ಸಣ್ಣದೊಂದು ಸಂಗತಿಯ ಮೇಲಿದೆ. ಲೋರಿನಾಮಾ ಇರಬೇಕಾದರೆ ನಿದ್ದೆಗೆ ಹಟ ಮಾಡುವ ಕೂಸು ಇರಲೇಬೇಕು. ಹೊಟ್ಟೆ ಹಿಡಿದುಕೊಂಡು ಚೀರುವ ಕೂಸನ್ನು ತೂಗುತ್ತ, ತಾನೇ ತೂಕಡಿಸುತ್ತ ಕೂತ ತಾಯಿಯ ನಡುರಾತ್ರಿಯೂ ಆ ಹಾಡುಗಳೊಳಗೆ ಅಡಗಿದೆ. ಪಕ್ಕದ ಮನೆಯಲ್ಲಿ ಕನ್ನಡದ ಜೋಗುಳ ನಡೆದಿರುತ್ತಿತ್ತು. ಕೂಸಿಗೆ ಎರಡೂ ಒಂದೇ.

ಹಾಡಿಗೆ ಮತ್ತು ಸಾಣೆಕಲ್ಲಿಗೆ ಎರಡಕ್ಕೂ ಒಂದು ಬೇಕು: ಬಿಡುವಿರುವ ಒಂದು ಜೋಡಿ ಕೈ. ಬಾಣಂತಿತನದ ನಲವತ್ತು ದಿನ ಆ ಕೈಗಳು ಇದ್ದವು. ಮುಸ್ಲಿಮರಲ್ಲಿ ಅದು ಚಿಲ್ಲಾ. ತವರಿನಲ್ಲಿ ಎಣ್ಣೆ ಹಚ್ಚಿ ಎರೆಯುವವರು, ಲೋಬಾನದ ಹೊಗೆ ಹಾಕುವವರು, ಔಡಲೆಣ್ಣೆ ಸವರಿದ ವೀಳ್ಯದೆಲೆಯನ್ನು ಬೆಚ್ಚಗೆ ಮಾಡಿ ಕೂಸಿನ ಹೊಟ್ಟೆಯ ಮೇಲಿಡುವವರು ಇರುತ್ತಿದ್ದರು. ಬಾಣಂತಿಗೆ ಅಳವಿ, ಸಬಸಿಗಿ. ತಾಯಿ ಎರಡು ವರ್ಷ ಹಾಲೂಡುವ ಮಾತನ್ನು ಹೇಳುವ ಕುರಾನಿನ ವಾಕ್ಯವೇ ಆ ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಮೊದಲರ್ಧವನ್ನು ನಮ್ಮವರು ಬಾಯಿಪಾಠ ಮಾಡಿದಷ್ಟು ಎರಡನೆಯದನ್ನು ಮಾಡಿಲ್ಲ. ಇರಲಿ.

ನಲವತ್ತು ದಿನ ಮುಗಿದ ಮೇಲೆ? ಬಡವರ ಮನೆಯ ಹೆಣ್ಣುಮಗಳು ಹೊಲಕ್ಕೋ ಕೂಲಿಗೋ ಹೋಗಲೇಬೇಕು. ಇಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ ಆರೋಗ್ಯವಂತ ಕೂಸುಗಳು ದಿನಕ್ಕೆ ಎಷ್ಟು ಅಳುತ್ತವೆ ಎಂದು ತಾಯಂದಿರಿಂದ ಬರೆಯಿಸಿ ನೋಡಿದ. ಹುಟ್ಟಿದ ಎರಡನೆಯ ವಾರದಿಂದ ಏರುತ್ತ ಹೋಗುವ ಅಳು ಆರನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಮೂರು ನಾಲ್ಕು ತಿಂಗಳಿಗೆ ಬಹುಪಾಲು ಕೂಸುಗಳಲ್ಲಿ ತಾನೇ ತಣ್ಣಗಾಗುತ್ತದೆ. ಆರು ವಾರ ಎಂದರೆ 42 ದಿನ. ಅಂದರೆ ಚಿಲ್ಲಾ ಮುಗಿದು, ಎರೆಯುವವರು ಹೋಗಿ, ತಾಯಿ ಕೆಲಸಕ್ಕೆ ಹೊರಡುವ ಹೊತ್ತೂ ಕೂಸಿನ ಅಳು ತುದಿಗೇರುವ ಹೊತ್ತೂ ಒಂದೇ.

ಅಫೀಮು ಬಂದದ್ದು ಆ ಸಂದಿನಲ್ಲಿ.

ಅಫೀಮು ಕೆಲಸ ಮಾಡುತ್ತಿರಲಿಲ್ಲ ಎಂದಲ್ಲ. ಮಾಡುತ್ತಿತ್ತು, ಅದೇ ಅದರ ಅಪಾಯ. ಕರುಳಿನ ಚಲನೆಯನ್ನು ಅದು ನಿಧಾನಗೊಳಿಸುತ್ತದೆ, ನೋವು ಮರೆಸುತ್ತದೆ, ಮಲಗಿಸುತ್ತದೆ. ಜೊತೆಗೆ ಹಸಿವನ್ನೂ ಮರೆಸುತ್ತದೆ. ಮೊಲೆ ಚೀಪದ ಕೂಸು ಸೊರಗುತ್ತದೆ, ತಾಯಿಯ ಹಾಲೂ ಬತ್ತುತ್ತದೆ. ಪ್ರಮಾಣ ತುಸು ಹೆಚ್ಚಾದರೆ ಉಸಿರೇ ನಿಧಾನವಾಗಿ ನಿಲ್ಲುತ್ತದೆ. 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಅಫೀಮು ಆಯೋಗದ ಮುಂದೆ ಕೂಸುಗಳಿಗೆ ಅಫೀಮು ಕೊಡುವ ರೂಢಿಯ ಬಗ್ಗೆ ಅನೇಕ ಸಾಕ್ಷ್ಯಗಳು ಬಂದವು. 1895ರ ವರದಿ ಮಾತ್ರ ಅಫೀಮನ್ನು ನಿಷೇಧಿಸುವ ಅಗತ್ಯವಿಲ್ಲ ಎಂದಿತು. ಅಫೀಮಿನಿಂದ ಬರುತ್ತಿದ್ದ ಆದಾಯವನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂಬಯಿಯ ಗಿರಣಿಗಳು ಬೆಳೆದಂತೆ ಈ ರೂಢಿಗೆ ಒಂದು ಸಿದ್ಧರೂಪ ಬಂತು. ಅದರ ಹೆಸರು ಬಾಲಗೋಲಿ. ಸಣ್ಣ ಗುಳಿಗೆ, ಒಳಗೆ ಅಫೀಮು. ಗಿರಣಿಗೆ ಹೋಗುವ ತಾಯಿ ಬೆಳಿಗ್ಗೆ ಒಂದು ಗೋಲಿ ಕೊಟ್ಟು ಹೋದರೆ ಅವಳು ಬರುವವರೆಗೆ ಕೂಸು ಎದ್ದು ಅಳುತ್ತಿರಲಿಲ್ಲ. 1922ರಲ್ಲಿ ಮುಂಬಯಿ ಸರ್ಕಾರದ 'ಲೇಬರ್ ಗೆಜೆಟ್'ನಲ್ಲಿ ಡಾಕ್ಟರ್ ಬಾರ್ನ್ಸ್ ಎಂಬ ವೈದ್ಯೆಯ ವರದಿ ಪ್ರಕಟವಾಯಿತು. ಕೈಗಾರಿಕೆಯಲ್ಲಿ ದುಡಿಯುವ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡಲಾಗುತ್ತಿದೆ ಎಂದು ಆಕೆ ಬರೆದರು. ನಮ್ಮ ಬಿಜಾಪುರ ಆಗ ಅದೇ ಪ್ರಾಂತ್ಯದ ಜಿಲ್ಲೆ. 1876ರಿಂದ 1878ರವರೆಗಿನ ಬರದಲ್ಲಿ ಮುಂಬಯಿ ಪ್ರಾಂತ್ಯದಲ್ಲೇ ಅತಿ ಹೆಚ್ಚು ನಲುಗಿದ ಸೀಮೆಗಳಲ್ಲಿ ಒಂದು. ಮಳೆ ಕೈಕೊಟ್ಟಾಗ ಸೊಲ್ಲಾಪುರ, ಮುಂಬಯಿಯ ದಾರಿ ಹಿಡಿಯುವುದು ಇಲ್ಲಿನವರಿಗೆ ಹೊಸದಾಗಿರಲಿಲ್ಲ.

ಆ ತಾಯಂದಿರನ್ನು ಕ್ರೂರಿಗಳೆಂದು ಬೈದವರಿಗೇನೂ ಕಡಿಮೆಯಿಲ್ಲ. ಆದರೆ ಹತ್ತು ಗಂಟೆ ಯಂತ್ರದ ಮುಂದೆ ನಿಲ್ಲಬೇಕಾದವಳಿಗೆ ಲೋರಿ ಹಾಡಲು ಹೊತ್ತು ಎಲ್ಲಿತ್ತು? ಇದನ್ನು ಅರಿತು ಮಾತಾಡಿದವರೂ ಇದ್ದರು. 1928ರಲ್ಲಿ ಹೆರಿಗೆ ಭತ್ಯೆಯ ಮಸೂದೆ ಮುಂಬಯಿ ಶಾಸನಸಭೆಯ ಮುಂದೆ ಬಂದಾಗ ಡಾಕ್ಟರ್ ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದರು. 1929ರಲ್ಲಿ ಕಾಯ್ದೆಯಾಯಿತು. ಹೆರಿಗೆಯಾದ ನಂತರದ 4 ವಾರ ಹೆಂಗಸರಿಂದ ಕಾರ್ಖಾನೆಯಲ್ಲಿ ದುಡಿಸಿಕೊಳ್ಳಬಾರದು ಎಂದಾಯಿತು. ದೊಡ್ಡ ಹೆಜ್ಜೆ ನಿಜ. ಆದರೂ ಆ ನಾಲ್ಕು ವಾರ ಮುಗಿದಾಗ ಕೂಸಿನ ಅಳು ಇನ್ನೂ ಏರುತ್ತಲೇ ಇರುತ್ತದೆ. ಪರವಾನಗಿ ಅಂಗಡಿಗಳಲ್ಲಿ ಅಫೀಮು ಮಾರುವುದು ನಿಂತದ್ದು ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ನಂತರ. 1949ರಲ್ಲಿ ತೀರ್ಮಾನವಾಗಿ, 1959ರ ಏಪ್ರಿಲಿಗೆ ಜಾರಿಗೆ ಬಂತು. ಬಾಲಗೋಲಿಯ ಹೆಸರು ಮಾತ್ರ ಅಷ್ಟಕ್ಕೆ ಸಾಯಲಿಲ್ಲ. 1984ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಭಾರತೀಯ ಮೂಲದ ಕೂಸೊಂದು ಸೀಸದ ವಿಷದಿಂದ ತೀರಿಕೊಂಡಾಗ, ಅಲ್ಲಿನ ಅಧಿಕಾರಿಗಳು ಪಟ್ಟಿ ಮಾಡಿದ ಮನೆಮದ್ದುಗಳಲ್ಲಿ ಬಾಲಗೋಲಿಯೂ ಇತ್ತು.

ಇದು ನಮ್ಮ ನಾಡಿನ ಕಥೆ ಮಾತ್ರ ಎಂದು ತಲೆತಗ್ಗಿಸಬೇಕಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಲೇಸು ಹೆಣೆಯುವ ಹೆಂಗಸರು ಕೂಸುಗಳಿಗೆ 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಅಫೀಮಿನ ಪಾನಕ ಕುಡಿಸಿಯೇ ಕೆಲಸಕ್ಕೆ ಕೂರುತ್ತಿದ್ದರು. ಅಮೆರಿಕದಲ್ಲಿ 1849ರಿಂದ ಮಾರಾಟವಾದ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್'ನಲ್ಲಿ ಇದ್ದದ್ದು ಮಾರ್ಫಿನ್. ಅದೇ ನಾಟಿಂಗ್‌ಹ್ಯಾಮ್‌ನಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಅಫೀಮಿಲ್ಲದ ಒಂದು ನೀರನ್ನು ತಯಾರಿಸಿದ. ಜೌಗು ಸೀಮೆಯಲ್ಲಿ ಮಕ್ಕಳ ಚಳಿಜ್ವರಕ್ಕೆ ಕೊಡುತ್ತಿದ್ದ ಔಷಧವೊಂದು ಹೊಟ್ಟೆಯನ್ನೂ ತಣಿಸುವುದನ್ನು ಕಂಡು ಇದನ್ನು ಮಾಡಿದನಂತೆ. ಸೋಡಾ, ಸಕ್ಕರೆ, ನೀರು, ತುಸು ಮದ್ಯಸಾರ, ಮತ್ತು ಸಬಸಿಗಿಯ ಎಣ್ಣೆ. 1876ರಲ್ಲಿ 'ಗ್ರೈಪ್ ವಾಟರ್' ಎಂಬ ಹೆಸರು ನೋಂದಣಿಯಾಯಿತು.

ಸಬಸಿಗಿ! ತಿಕೋಟಾ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆ ಪಲ್ಯೆಯಾಗುವ ಅದೇ ಸೊಪ್ಪು, ಬಾಣಂತಿಗೆ ಹಾಲು ಹೆಚ್ಚಲೆಂದು ತಿನ್ನಿಸುವ ಅದೇ ಸೊಪ್ಪು, ವಿಲಾಯತಿಯಿಂದ ಶೀಸೆಯಲ್ಲಿ ತುಂಬಿಕೊಂಡು ಬಂದಾಗ ನಮ್ಮವರು ದುಡ್ಡು ಕೊಟ್ಟು ಕೊಂಡರು. ಮದರಾಸಿನ ಟಿ.ಟಿ.ಕೆ. ಸಂಸ್ಥೆಯ ಮೂಲಕ ಇದು ಭಾರತದ ಮನೆಮನೆಗೂ ಹೋಯಿತು. ಮಗಳಿಗೆ ತಾಯಿ, ತಾಯಿಗೆ ಅಜ್ಜಿ, ಅಜ್ಜಿಗೆ ಅವಳ ತಾಯಿ ಅದನ್ನೇ ಕೊಟ್ಟಿದ್ದರೆಂದು ಹೇಳುವ ದೂರದರ್ಶನದ ಜಾಹೀರಾತು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಘುಟ್ಟಿಯ ಪರಂಪರೆಯನ್ನೇ ಶೀಸೆ ತನ್ನದು ಮಾಡಿಕೊಂಡಿತು. ಮೊದಲಿನ ಸೂತ್ರದಲ್ಲಿ ನೂರಕ್ಕೆ 3.6ರಷ್ಟಿದ್ದ ಮದ್ಯಸಾರ ಇಂಗ್ಲೆಂಡಿನಲ್ಲಿ ಹೋದದ್ದು 1992ರಲ್ಲಿ. ಶರಾಬು ಮುಟ್ಟದ ಎಷ್ಟು ಮನೆಗಳ ಕೂಸುಗಳು ಬಿಸ್ಮಿಲ್ಲಾ ಹೇಳಿಸಿಕೊಂಡೇ ಅದನ್ನು ನುಂಗಿದವೋ! ಭಾರತದ ಶೀಸೆಗಳ ಮೇಲೆ ಈಗ ಮದ್ಯಸಾರವಿಲ್ಲ ಎಂದೇ ಬರೆದಿರುತ್ತದೆ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ವೈದ್ಯವಿಜ್ಞಾನದ ಕಥೆಯೂ ಇಲ್ಲಿ ಅಷ್ಟು ಹೆಮ್ಮೆಯದಲ್ಲ. 1954ರಲ್ಲಿ ವೆಸೆಲ್ ಮತ್ತು ಸಂಗಡಿಗರು ದಿನಕ್ಕೆ 3 ಗಂಟೆ, ವಾರಕ್ಕೆ 3 ದಿನ, 3 ವಾರಕ್ಕೂ ಮೀರಿದ ಅಳುವಿಗೆ 'ಕೋಲಿಕ್' ಎಂದು ಗೆರೆ ಎಳೆದರು. ಕಾರಣ ಮಾತ್ರ ಪೂರ್ತಿ ಬಗೆಹರಿದಿಲ್ಲ. ಕರುಳಿನ ಸೆಳೆತ ಬಿಡಿಸಲೆಂದು ಕೊಟ್ಟ ಡೈಸೈಕ್ಲೊಮಿನ್ ಹನಿಗಳು ಕೆಲವು ಕೂಸುಗಳ ಉಸಿರನ್ನೇ ತಡೆದದ್ದು ತಿಳಿದು, 1985ರಲ್ಲಿ 6 ತಿಂಗಳೊಳಗಿನವರಿಗೆ ಅದು ಬೇಡವೆಂದಾಯಿತು. ಆದರೂ ಚೀಟಿಯಿಲ್ಲದೆ ಅದನ್ನು ಕೊಡುವ ಔಷಧದಂಗಡಿ ನಮ್ಮ ಕಡೆ ಇಲ್ಲದಿಲ್ಲ. ಗಾಳಿ ಒಡೆಯುವ ಸಿಮೆಥಿಕೋನ್ ಬರೀ ನೀರಿಗಿಂತ ಮೇಲೆಂದು ಪರೀಕ್ಷೆಗಳಲ್ಲಿ ಸಾಬೀತಾಗಲಿಲ್ಲ. ಹಾಲು ಕುಡಿಸಿ ಹೆಗಲ ಮೇಲೆ ಹಾಕಿ ತೇಗು ಬರಿಸುವುದನ್ನು ಕೂಡ ಚಂಡೀಗಢದ ವೈದ್ಯಸಂಸ್ಥೆಯವರು ಪರೀಕ್ಷಿಸಿದರು. ಕೋಲಿಕ್ ಅದರಿಂದ ಕಡಿಮೆಯಾಗಲಿಲ್ಲ, ಹಾಲು ಕಕ್ಕುವುದು ಹೆಚ್ಚಾಯಿತು. ಇದನ್ನು ಹೇಳಿದರೆ ನಮ್ಮ ಅಮ್ಮಂದಿರು ನಗುತ್ತಾರೆ, ನಗಲಿ.

ಹಾಲೂಡುವ ರೀತಿಯಲ್ಲಿ ಒಂದು ಸುಳಿವಿದೆ. ವುಲ್‌ರಿಜ್ ಮತ್ತು ಫಿಶರ್ 1988ರಲ್ಲಿ ಬರೆದದ್ದು ಇದು: ಮೊಲೆಯಿಂದ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದು ಜಿಡ್ಡಿನದು. ಗಡಿಯಾರ ನೋಡಿ ಕೂಸನ್ನು ಬೇಗನೆ ಇನ್ನೊಂದು ಮೊಲೆಗೆ ಬದಲಿಸಿದರೆ ಅದಕ್ಕೆ ತೆಳುಹಾಲೇ ಹೆಚ್ಚು ಸಿಕ್ಕಿ, ಹಾಲಿನ ಸಕ್ಕರೆ ಹೊಟ್ಟೆಯಲ್ಲಿ ಹುಳಿತು ಗಾಳಿಯಾಗಬಹುದು. ಒಂದು ಕಡೆ ಪೂರ್ತಿ ಕುಡಿಸಿ, ಆಮೇಲೆ ಇನ್ನೊಂದು ಕಡೆ. ಇನ್ನು ತಾಯಿಯ ಪಥ್ಯ. ಬದನೆ ಬೇಡ, ಆಲೂಗಡ್ಡೆ ಬೇಡ, ಬೇಳೆ ಬೇಡ, ನೀರು ಕೂಡ ಅಳೆದು ಕೊಡಬೇಕು ಎಂದು ಬಾಣಂತಿಯನ್ನು ಸೊರಗಿಸುವುದಕ್ಕೆ ಗಟ್ಟಿ ಆಧಾರವಿಲ್ಲ. ಸ್ವೀಡನ್ನಿನ ವೈದ್ಯರು 1978ರಲ್ಲಿ ತೋರಿಸಿದಂತೆ, ತಾಯಿ ಕುಡಿದ ಹಸುವಿನ ಹಾಲಿನ ಅಂಶ ಕೆಲವು ಕೂಸುಗಳಿಗೆ ಆಗಿಬರುವುದಿಲ್ಲ, ಅಷ್ಟೆ. ವಿಚಿತ್ರವೆಂದರೆ ಬಾಣಂತಿಗೆ ಧಾರಾಳವಾಗಿ ಕುಡಿಸುವುದು ಹಾಲನ್ನೇ. ಮೊಲೆಹಾಲು ಕುಡಿಯುವ ಕೂಸುಗಳಿಗೆ ಲ್ಯಾಕ್ಟೊಬ್ಯಾಸಿಲಸ್ ರೂಟೆರಿ ಎಂಬ ಒಳ್ಳೆಯ ಜೀವಾಣುವಿನ ಹನಿಗಳಿಂದ ಸ್ವಲ್ಪ ಗುಣ ಕಂಡಿದೆ. ಅದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು.

ಸಾಣೆಕಲ್ಲಿನ ವಿಷಯದಲ್ಲಿ ನಮ್ಮ ಮನಸ್ಸು ಎರಡಾಗಿದೆ. ಬಜೆಯಲ್ಲಿರುವ ಬೀಟಾ ಆಸರೋನ್ ಎಂಬ ಅಂಶದಿಂದಾಗಿ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ತಡೆಯಿತು. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿರುವಂತೆ 6 ತಿಂಗಳವರೆಗೆ ಮೊಲೆಹಾಲು ಬಿಟ್ಟು ನೀರೂ ಬೇಡ. ಹಾಗಿರುವಾಗ ಘುಟ್ಟಿಗೂ ಶೀಸೆಗೂ ಜಾಗವಿಲ್ಲ. ಹೊಟ್ಟೆ ಉಬ್ಬಿದ ಕೂಸಿಗೆ ಬರೆ ಹಾಕುವ ರೂಢಿಯನ್ನಂತೂ ಯಾವ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ಎಣ್ಣೆಯ ಕೈಯಿಂದ ಹೊಟ್ಟೆ ಸವರುವುದು, ಮೊಣಕಾಲು ಮಡಿಸಿ ಮೆಲ್ಲಗೆ ಒತ್ತುವುದು, ಎದೆಗೊರಗಿಸಿಕೊಂಡು ಓಡಾಡುವುದು, ತೂಗುವುದು, ಹಾಡುವುದು, ಇವುಗಳಿಂದ ಹಾನಿಯಿಲ್ಲ. ಹಸಿರು ವಾಂತಿ, ಮಲದಲ್ಲಿ ರಕ್ತ, ಜ್ವರ, ಮೊಲೆ ಪೂರ್ತಿ ಬಿಡುವುದು ಕಂಡರೆ ಮಾತ್ರ ಇದು ಬರೀ ವಾಯುವಲ್ಲ, ದವಾಖಾನೆಗೆ ಓಡಬೇಕು.

ಈಗಿನ ಲೆಕ್ಕ ನೋಡಿ. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ ಮನೆಗೆ ಬರುವ ದಿನಗಳು 3, 7, 14, 21, 28, 42. ಆಮೇಲಿನ ಭೇಟಿ 2018ರಲ್ಲಿ ಶುರುವಾದ ಇನ್ನೊಂದು ಕಾರ್ಯಕ್ರಮದಡಿ, ಮೂರನೆಯ ತಿಂಗಳಿಗೆ. ಅಳು ತುದಿಗೇರಿ ಇಳಿಯುವ ಆ ಏಳೆಂಟು ವಾರ ಯಾರೂ ಬಾಗಿಲು ತಟ್ಟುವುದಿಲ್ಲ. 26 ವಾರದ ಹೆರಿಗೆ ರಜೆ 2017ರಲ್ಲಿ ಬಂತು, ಅದು ಪಗಾರದ ನೌಕರಿ ಇರುವವರಿಗೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯತೊಡಗಿತು. ಹೆಸರು ಎಷ್ಟು ಚೆಂದ! ಸೇರಿಸಿಕೊಳ್ಳುವುದು 6 ತಿಂಗಳು ತುಂಬಿದ ಕೂಸುಗಳನ್ನು. ದ್ರಾಕ್ಷಿ ತೋಟದ ಬದುವಿನಲ್ಲಿ, ಕಬ್ಬು ಕಡಿಯಲು ಹೋದ ಗ್ಯಾಂಗಿನ ಗುಡಿಸಲಲ್ಲಿ, ಹಳೆ ಸೀರೆಯ ಜೋಳಿಗೆಯಲ್ಲಿ ತೂಗುತ್ತಿರುವ ಎರಡು ತಿಂಗಳ ಕೂಸು ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದನ್ನು ಮಲಗಿಸಲು ನೆಗಡಿಯ ಔಷಧದ ಶೀಸೆ ಹಿಡಿದ ತಾಯಿಗೆ 1922ರ ಗಿರಣಿಯ ತಾಯಿಯ ಹೆಸರೂ ಗೊತ್ತಿಲ್ಲ.